ವಾರಿಜಕ್ಕನ ಹಿಮದ ಲೆಕ್ಕ

ಬಡಗಣ ದಿಕ್ಕಿನ ದೊಡ್ಡ ಬೆಟ್ಟಗಳಲ್ಲಿ, ಬಸ್ಸು ಏದುಸಿರು ಬಿಡುತ್ತ ಬಂದು ನಿಲ್ಲುವ ಕೊನೆಯ ಪೇಟೆಯಲ್ಲಿ, ಒಂದು ಇಡ್ಲಿ ಹೋಟೆಲಿತ್ತು. ಅದರ ಯಜಮಾನಿ ವಾರಿಜಾಕ್ಷಿ. ಪೇಟೆಗೆಲ್ಲ ವಾರಿಜಕ್ಕ. ಮದುವೆಯಾಗಿ ಕರಾವಳಿಯಿಂದ ಆ ಚಳಿಯೂರಿಗೆ ಬಂದಾಗ ಸ್ವೆಟರಿನ ಹಿಂದು ಯಾವುದು, ಮುಂದು ಯಾವುದು ಎಂದೂ ಅವರಿಗೆ ಗೊತ್ತಿರಲಿಲ್ಲ. ಈಗ ತಲೆ ನರೆತಿತ್ತು. ಗಂಡ ತೀರಿಹೋಗಿದ್ದರು. ಹೋಟೆಲು ಮಾತ್ರ ನಡೆಯುತ್ತಲೇ ಇತ್ತು. ಮೈದುನನ ಮಗ ಪದ್ಮನಾಭ, ಎಲ್ಲರ ಬಾಯಲ್ಲಿ ಪದ್ದು, ದೊಡ್ಡಮ್ಮನ ಜೊತೆಗಿದ್ದು ಗಲ್ಲಾ ನೋಡಿಕೊಳ್ಳುತ್ತಿದ್ದ.

ಹೋಟೆಲಿನಲ್ಲಿ ಒಲೆಗೆ ಹತ್ತಿರವಾಗಿ ಒಂದು ಉದ್ದದ ಮೇಜಿತ್ತು. ಅದಕ್ಕೆ ಹಿಮದ ಮೇಜು ಎಂದೇ ಹೆಸರು. ದಸರೆ ಕಳೆದದ್ದೇ ತಡ, ಆ ಮೇಜಿನಲ್ಲಿ ಕೂತವರಿಗೆ ಬೇರೆ ಮಾತೇ ಇರುತ್ತಿರಲಿಲ್ಲ. ಈ ಸಲ ಹಿಮ ಬೀಳುತ್ತದೋ ಇಲ್ಲವೋ? ಬಿದ್ದರೆ ಯಾವಾಗ? ಮೊಣಕಾಲುದ್ದವೋ, ಬರೀ ಹುಲ್ಲಿನ ಮೇಲೆ ಹಿಟ್ಟು ಚೆಲ್ಲಿದಷ್ಟೋ? ಎಲ್ಲರೂ ಕನ್ನಡ ನಾಡಿನಲ್ಲಿ ಮಳೆಯ ಸುದ್ದಿ ಮಾತಾಡುತ್ತ ಬೆಳೆದ ಜನ. ಅಲ್ಲಿ ಮಳೆಯ ಜಾಗದಲ್ಲಿ ಹಿಮ ಬಂದು ಕೂತಿತ್ತು, ಅಷ್ಟೇ.

ಮೇಜಿನ ದೊಡ್ಡ ದನಿ ಸುಬೇದಾರ್ ಚಂಗಪ್ಪನವರದು. ಕೊಡಗಿನವರು. ಗಡಿಯಲ್ಲಿ ಕಾವಲಿದ್ದಾಗ ಎಡಗಾಲಿನ ಹೆಬ್ಬೆರಳು ಹಿಮ ಹೊಡೆದು ಅರ್ಧ ಮರಗಟ್ಟಿತ್ತು. ಸೈನ್ಯದಿಂದ ನಿವೃತ್ತರಾದ ಮೇಲೆ ಆ ಊರಿನ ಹೆಣ್ಣನ್ನೇ ಮದುವೆಯಾಗಿ ಅಲ್ಲೇ ನಿಂತುಬಿಟ್ಟಿದ್ದರು. ಆ ಬೆರಳು ಜುಮ್ಮೆಂದರೆ ಹಿಮ ಬಂದೇ ಬರುತ್ತದೆಂದು ಅವರ ನಂಬಿಕೆ. ಎದುರಿಗೆ ಕೂರುವವರು ಮಲಕಾಜಪ್ಪ. ವಿಜಯಪುರದ ಕಡೆಯವರು. ಕಂಬಳಿ ಮಾರುತ್ತ ಊರೂರು ಸುತ್ತುವಾಗ ಒಂದು ಚಳಿಗಾಲ ದಾರಿ ಮುಚ್ಚಿ ಅಲ್ಲಿ ಸಿಕ್ಕಿಬಿದ್ದರು. ವಸಂತಕ್ಕೆ ದಾರಿ ತೆರೆಯುವಷ್ಟರಲ್ಲಿ ಅಂಗಡಿಯನ್ನೇ ತೆರೆದಿದ್ದರು.

"ಈ ಸಲ ಕುರಿ ಉಣ್ಣೆ ನೋಡ್ರಿ, ಬೆರಳ ಇಟ್ರ ಒಳಗ ಹೋಗಂಗಿಲ್ಲ. ಭಾರಿ ಹಿಮ ಐತಿ," ಎಂದು ಮಲಕಾಜಪ್ಪ ಶುರು ಮಾಡುತ್ತಿದ್ದರು.

"ನಿಮ್ಮ ಅಂಗಡಿಯ ಕಂಬಳಿ ಖಾಲಿಯಾಗುವ ತನಕ ನಿಮ್ಮ ಲೆಕ್ಕದಲ್ಲಿ ಹಿಮ ಬೀಳ್ತಾನೇ ಇರ್ತದೆ ಬಿಡಿ," ಎಂದು ವಾರಿಜಕ್ಕ ಒಳಗಿನಿಂದಲೇ ಚುಚ್ಚುತ್ತಿದ್ದರು.

"ನಿಮ್ಮ ಲೆಕ್ಕದಾಗ ಹಿಮ ಕಪ್ಪಿ ಮ್ಯಾಲ ಕುಂತು ಬರ್ತೈತಲ್ಲ ಅಕ್ಕಾರ, ಅದಕ್ಕಿಂತ ನಮ್ಮ ಕುರೀನ ಪಾಡ!"

ಮೇಜೆಲ್ಲ ನಗುತ್ತಿತ್ತು. ಮಲಕಾಜಪ್ಪ ಹೇಳಿದ್ದು ಸುಳ್ಳೂ ಆಗಿರಲಿಲ್ಲ. ನಮ್ಮ ಊರಿನ ಪಂಚಾಂಗದಲ್ಲಿ ಒಂದೊಂದು ಮಳೆ ನಕ್ಷತ್ರಕ್ಕೂ ಒಂದೊಂದು ವಾಹನವಿರುತ್ತದೆ. ಕಪ್ಪೆಯೋ ಆನೆಯೋ ಹೊತ್ತು ತಂದರೆ ಭರ್ತಿ ಮಳೆ. ಕತ್ತೆಯೋ ಇಲಿಯೋ ಆದರೆ ಇಲ್ಲವೇ ಇಲ್ಲ. ವಾರಿಜಕ್ಕನ ತವರಿನಲ್ಲಿ ಅದನ್ನು ನೋಡಿಯೇ ಬಿತ್ತನೆ ಮಾಡುತ್ತಿದ್ದರು. ಪಂಚಾಂಗದ ಮಳೆಯ ಮಾತು ಸ್ವಾತಿ, ವಿಶಾಖದ ಹೊತ್ತಿಗೆ ಮುಗಿದುಹೋಗುತ್ತದೆ. ವಾರಿಜಕ್ಕ ಮುಗಿಸುತ್ತಿರಲಿಲ್ಲ. ಅನೂರಾಧ, ಜ್ಯೇಷ್ಠ, ಮೂಲ ಎಂದು ಬೆರಳು ಮಡಚುತ್ತ, ವಾಹನಗಳನ್ನು ತಾವೇ ಹಂಚುತ್ತ ಸಂಕ್ರಾಂತಿಯವರೆಗೂ ಎಳೆದುಕೊಂಡು ಹೋಗುತ್ತಿದ್ದರು. ಕಡಲ ತೀರದ ಮಳೆಯ ಲೆಕ್ಕವನ್ನು ಹಿಮದ ಬೆಟ್ಟಕ್ಕೆ ಹೊದಿಸಿದರೆ ಹೊಂದುತ್ತದೆಯೇ ಎಂದು ಅವರು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವ ಪ್ರಸಂಗವೂ ಬಂದಿರಲಿಲ್ಲ. ಏಕೆಂದರೆ ಹಿಂದಿನ ಎರಡು ಚಳಿಗಾಲ, ಅದು ಹೇಗೋ, ಅವರ ಲೆಕ್ಕವೇ ಸರಿಯಾಗಿತ್ತು.

ಗೆದ್ದವರಿಗೆ ಇನಾಮೇನೂ ಇರಲಿಲ್ಲ. ಹೆಸರಷ್ಟೇ. ಆದರೆ ಹೆಸರಿನ ರುಚಿ ಒಮ್ಮೆ ಹತ್ತಿದರೆ ಸುಮ್ಮನಿರುತ್ತದೆಯೇ? ತರಕಾರಿಯವನು ವಾರಿಜಕ್ಕನನ್ನು ಕೇಳಿಯೇ ಮೂಲಂಗಿ ಕೀಳುತ್ತಿದ್ದ. ಶಾಲೆಯ ಮೇಷ್ಟರು ರಜೆಯಲ್ಲಿ ಊರಿಗೆ ಹೋಗಲೋ ಬೇಡವೋ ಎಂದು ಬಂದು ವಿಚಾರಿಸುತ್ತಿದ್ದರು. ರೇಡಿಯೋದವರು ಹಿಮ ಬೀಳಬಹುದು, ಬೀಳದೆಯೂ ಇರಬಹುದು ಎಂದರೆ, ವಾರಿಜಕ್ಕ ಬೀಳುತ್ತದೆ ಅಥವಾ ಬೀಳುವುದಿಲ್ಲ ಎನ್ನುತ್ತಿದ್ದರು. ಜನಕ್ಕೆ ಅದೇ ಹಿತ.

ಆ ವರ್ಷ ದೀಪಾವಳಿಯ ದಿನ ವಾರಿಜಕ್ಕ ಸೌಟು ಹಿಡಿದುಕೊಂಡೇ ಮೇಜಿನ ಬಳಿ ಬಂದು ಸಾರಿದರು.

"ಕೇಳಿಸಿಕೊಳ್ಳಿ. ಅನೂರಾಧಕ್ಕೆ ಕತ್ತೆ, ಜ್ಯೇಷ್ಠಕ್ಕೆ ಇಲಿ, ಮೂಲಕ್ಕೆ ಮತ್ತೆ ಕತ್ತೆ. ಸಂಕ್ರಾಂತಿವರೆಗೆ ಹಿಮದ ಹೆಸರೆತ್ತಬೇಡಿ."

"ನನ್ನ ಬೆರಳು ಒಪ್ಪುವುದಿಲ್ಲ," ಎಂದರು ಸುಬೇದಾರರು. "ಬರೆದಿಟ್ಕೊಳ್ಳಿ ಅಕ್ಕ. ಈ ಸಲ ಸಂಕ್ರಾಂತಿಗೆ ಮೊದಲೇ ಸೊಂಟದವರೆಗೆ."

ಮಾತು ಅಲ್ಲಿಗೇ ನಿಂತಿದ್ದರೆ ಬರೀ ಹರಟೆಯಾಗಿ ಹೋಗುತ್ತಿತ್ತು. ಆದರೆ ಆ ಮಾತಿನ ಮೇಲೆ ಒಂದು ಮದುವೆ ನಿಂತಿತು.

ಪದ್ದುವಿಗೆ ಕರಾವಳಿಯಲ್ಲೇ ಹೆಣ್ಣು ಗೊತ್ತಾಗಿತ್ತು. ಹುಡುಗಿ ವಸುಮತಿ. ಅವಳ ತಾಯಿ ಸತ್ಯಭಾಮಮ್ಮ ಫೋನಿನಲ್ಲಿ ಹೇಳಿದರು: "ನಮ್ಮ ಅತ್ತೆಗೆ ಸಾಯುವುದರೊಳಗೆ ಒಮ್ಮೆ ಹಿಮಾಲಯ ನೋಡಬೇಕಂತೆ. ಮದುವೆ ನಿಮ್ಮಲ್ಲೇ ಮಾಡುವ. ಪುರೋಹಿತರನ್ನೂ ನಾವೇ ಕರಕೊಂಡು ಬರ್ತೇವೆ. ಆದ್ರೆ ದಾರಿ ಹೇಗೆ? ಹಿಮ ಗಿಮ ಬಿದ್ರೆ? ಎಂಬತ್ತು ದಾಟಿದ ಅತ್ತೆ ಉಂಟು, ದೊಡ್ಡ ಮಗಳ ಬಾಣಂತನದ ಕೂಸು ಉಂಟು."

"ಹಿಮದ ವಿಷಯ ನನಗೆ ಬಿಡಿ. ಸಂಕ್ರಾಂತಿವರೆಗೆ ಒಂದು ಹನಿ ಬೀಳುವುದಿಲ್ಲ. ಧೈರ್ಯವಾಗಿ ಬನ್ನಿ," ಎಂದರು ವಾರಿಜಕ್ಕ.

ಧನುರ್ಮಾಸ ಹುಟ್ಟಿದರೆ ಮದುವೆಯಿಲ್ಲ. ಅದಕ್ಕೆ ಮೊದಲು ಸಿಕ್ಕ ಕಟ್ಟಕಡೆಯ ಮುಹೂರ್ತವನ್ನು ಹಿಡಿದರು. ಹೆಣ್ಣಿನ ಕಡೆಯವರು ರೈಲಿನಲ್ಲಿ ಬೆಟ್ಟದ ಬುಡದ ಪೇಟೆಗೆ ಬಂದು, ರಾತ್ರಿ ಧರ್ಮಶಾಲೆಯಲ್ಲಿದ್ದು, ಮದುವೆಯ ಹಿಂದಿನ ದಿನ ಬೆಳಗಿನ ಎಂಟರ ಬಸ್ಸಿಗೆ ಮೇಲೆ ಹೊರಡುವುದು ಎಂದಾಯಿತು. ಧರ್ಮಶಾಲೆ ಗೊತ್ತು ಮಾಡಿಕೊಟ್ಟವರು ಸುಬೇದಾರರೇ. ಅಲ್ಲಿನ ಮ್ಯಾನೇಜರು ಅವರ ಪಲ್ಟನಿನ ಹಳೆಯ ಗೆಳೆಯ.

ಬುಡದ ಪೇಟೆಯಿಂದ ಮೇಲೆ ಬರಲು ನಡುವೆ ಒಂದು ಘಾಟಿ ದಾಟಬೇಕು. ಅದರ ನೆತ್ತಿ ವಾರಿಜಕ್ಕನ ಊರಿಗಿಂತಲೂ ಎತ್ತರ. ಹಿಮ ಬಿದ್ದರೆ ಮೊದಲು ಮುಚ್ಚುವುದೇ ಅದು. ಅಲ್ಲಿ ಸಿಕ್ಕಿಕೊಂಡವರಿಗೆ ರಸ್ತೆ ಕೆಲಸದವರ ಒಂದು ತಗಡಿನ ಶೆಡ್ಡು ಬಿಟ್ಟರೆ ತಲೆಯ ಮೇಲೆ ಬೇರೆ ಸೂರಿಲ್ಲ.

ಮದುವೆಯ ಹಿಂದಿನ ದಿನ ಬೆಳಕು ಹರಿಯುವ ಮೊದಲೇ ವಾರಿಜಕ್ಕ ಎದ್ದು ಅಡುಗೆಮನೆಗೆ ಬಂದರು. ನೆಂಟರ ಲೆಕ್ಕ ಹಿಡಿದು ಹಿಂದಿನ ಸಂಜೆ ದೊಡ್ಡ ಹಂಡೆಯಲ್ಲಿ ಇಡ್ಲಿಹಿಟ್ಟು ಕಲಸಿಟ್ಟಿದ್ದರು. ಆ ಊರಿನ ಚಳಿಯಲ್ಲಿ ಹಿಟ್ಟು ಹುದುಗುವುದೆಂದರೆ ಎಳೆಗೂಸನ್ನು ಸಾಕಿದ ಹಾಗೆ. ಹಂಡೆಗೆ ಕಂಬಳಿ ಸುತ್ತಬೇಕು, ಒಲೆಯ ಪಕ್ಕ ಇಡಬೇಕು. ಅಷ್ಟು ಮಾಡಿದರೂ ಒಂದೊಂದು ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ, ಮುನಿಸಿಕೊಂಡವರ ಹಾಗೆ, ಇಟ್ಟಲ್ಲೇ ಇರುತ್ತಿತ್ತು.

ಆವತ್ತು ಮುಚ್ಚಳ ನೆಲದ ಮೇಲಿತ್ತು. ಹಿಟ್ಟು ಹಂಡೆಯ ಬಾಯಿ ಮೀರಿ, ಕಂಬಳಿಯನ್ನು ತೋಯಿಸಿ, ನೆಲದ ಮೇಲೆ ಹರಿದು ಬಾಗಿಲವರೆಗೆ ಬಂದಿತ್ತು.

"ಪದ್ದು, ರಾತ್ರಿ ಒಲೆಗೆ ಕೆಂಡ ಹೆಚ್ಚು ಹಾಕಿದ್ಯಾ?"

"ಇಲ್ಲ ದೊಡ್ಡಮ್ಮ. ಒಲೆ ಬೇಗನೇ ಆರಿತ್ತು. ಉಕ್ಕಿದ್ರೆ ಒಳ್ಳೇದೇ ಅಲ್ವಾ? ಇಡ್ಲಿ ಹೂವಿನ ಹಾಗೆ ಬರ್ತದೆ."

ವಾರಿಜಕ್ಕ ಹಿತ್ತಲ ಬಾಗಿಲು ತೆಗೆದರು. ಒಂದು ನಕ್ಷತ್ರವೂ ಕಾಣುತ್ತಿರಲಿಲ್ಲ. ಗಾಳಿ ಸತ್ತಂತೆ ನಿಂತಿತ್ತು. ದಿನವೂ ಕಿವಿ ಕಚ್ಚುವ ಚಳಿ ಇವತ್ತು ಹಲ್ಲು ಕಳೆದುಕೊಂಡಿತ್ತು. ಶಾಲು ಜಾರಿದರೂ ಮೈ ನಡುಗಲಿಲ್ಲ. ವಾರಿಜಕ್ಕ ತಲೆಯೆತ್ತಿ ಘಾಟಿಯ ಕಡೆ ನೋಡಿದರು.

ಇದು ಅವರಿಗೆ ಗೊತ್ತಿದ್ದ ವಿಷಯ. ಆಕಾಶ ತಿಳಿಯಾದ ರಾತ್ರಿ ಆ ಊರಿನಲ್ಲಿ ಮೈ ಕೊರೆಯುವ ಚಳಿ. ಮೋಡ ಕವಿದರೆ ಬೆಟ್ಟಕ್ಕೆ ರಜಾಯಿ ಹೊದಿಸಿದ ಹಾಗೆ, ರಾತ್ರಿ ಬೆಚ್ಚಗೆ. ಹಿಟ್ಟು ಉಕ್ಕುವುದು ಅಂಥ ರಾತ್ರಿಯೇ. ಅಂಥ ರಾತ್ರಿ ಕಳೆದ ಮೇಲೆ ಹಿಮ ಬೀಳದೆ ಹೋದದ್ದನ್ನು ಅವರು ಆ ಒಲೆಯ ಮುಂದೆ ಕಳೆದ ಕಾಲದಲ್ಲಿ ಕಂಡದ್ದೇ ಕಡಿಮೆ. ಆದರೆ ಹಿಮದ ಮೇಜಿನಲ್ಲಿ ಆ ಮಾತನ್ನು ಅವರು ಎಂದೂ ಆಡಿರಲಿಲ್ಲ. ನಕ್ಷತ್ರ, ವಾಹನ ಎಂದರೆ ಅದಕ್ಕೊಂದು ಗತ್ತು. ಹಂಡೆಯ ಹಿಟ್ಟು ಎಂದರೆ ಯಾರು ಕೇಳುತ್ತಾರೆ?

ಅವರು ಬಾಗಿಲು ಹಾಕಿಕೊಂಡರು. ಬಟ್ಟೆ ತಂದು ನೆಲ ಒರೆಸಿದರು. ಒರೆಸುತ್ತ ಒರೆಸುತ್ತ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಉದ್ದು ಹೊಸದು, ಅದಕ್ಕೇ ಉಕ್ಕಿರಬೇಕು. ಬಿದ್ದರೂ ಸಂಜೆಗೆ ಬಿದ್ದೀತು. ಅಷ್ಟರಲ್ಲಿ ಬಸ್ಸು ಘಾಟಿ ದಾಟಿರುತ್ತದೆ.

"ಪದ್ದು, ಹಿಟ್ಟು ಉಕ್ಕಿದ್ದನ್ನು ಹೊರಗೆ ಯಾರಿಗೂ ಹೇಳಬೇಡ," ಎಂದರು.

"ಯಾಕೆ?"

"ಹೇಳಬೇಡ ಅಂದ್ರೆ ಹೇಳಬೇಡ. ಮದುಮಗ ನೀನು, ಹೋಗಿ ಗಡ್ಡ ತೆಗಿ."

ಬೆಳಗಾಗುತ್ತಲೇ ಮೇಜು ತುಂಬಿತು. ಸುಬೇದಾರರು ಕುಂಟುತ್ತಲೇ ಬಂದರೂ ಮುಖದಲ್ಲಿ ಹಬ್ಬವಿತ್ತು.

"ರಾತ್ರಿಯೆಲ್ಲ ಬೆರಳು ತಾಳ ಹಾಕಿದೆ! ಅಕ್ಕ, ಇನ್ನೂ ಹೊತ್ತಿದೆ. ನಿಮ್ಮ ಇಲಿಯನ್ನ ವಾಪಸು ತಗೊಳ್ತೀರಾ?"

"ನನ್ನ ಇಲಿ ನಿಮ್ಮ ಬೆರಳು ಕಚ್ಚದಿದ್ದರೆ ಸಾಕು," ಎಂದರು ವಾರಿಜಕ್ಕ.

ಮೇಜು ಗೊಳ್ಳೆಂದಿತು. ಮಲಕಾಜಪ್ಪ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದರು. ಯಾವತ್ತೂ ಅಂಥ ನಗು ವಾರಿಜಕ್ಕನಿಗೆ ಬೆಲ್ಲದ ಹಾಗಿರುತ್ತಿತ್ತು. ಇವತ್ತು ರುಚಿಸಲಿಲ್ಲ.

ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಗಲ್ಲಾದ ಮೇಲಿನ ಫೋನು ಬಡಿದುಕೊಂಡಿತು. ಸತ್ಯಭಾಮಮ್ಮ.

"ವಾರಿಜಕ್ಕ, ಬಸ್ಸು ಬಂದು ನಿಂತಿದೆ. ಸಾಮಾನೆಲ್ಲ ಮೇಲೆ ಹಾಕಿ ಆಯ್ತು. ನೀವು ಹಿಮ ಇಲ್ಲ ಅಂದ್ರಲ್ಲ, ಹಾಗೆ ಕಂಬಳಿ ಗಿಂಬಳಿ ಎಂತದೂ ತರ್ಲಿಲ್ಲ, ಒಂದೊಂದು ಶಾಲು ಅಷ್ಟೇ. ಹತ್ತುವುದಾ ಹಾಗಾದ್ರೆ?"

ಅವರ ಮಾತಿನ ಹಿಂದಿನಿಂದ ಕೂಸಿನ ಅಳು ಕೇಳುತ್ತಿತ್ತು. ಇನ್ನಾರೋ ಮುದುಕಿಯ ದನಿ, ಕಿಟಕಿಯ ಸೀಟು ನನಗೇ ಎಂದು ಜಗಳ ಮಾಡುತ್ತಿತ್ತು.

ಹ್ಞೂಂ ಎಂದರೆ ಸಾಕಿತ್ತು. ಸಣ್ಣ ಮಾತು. ಮೇಜಿನಲ್ಲಿ ಎಲ್ಲರೂ ಇತ್ತಲೇ ಕಿವಿ ಕೊಟ್ಟಿದ್ದರು. ಎರಡು ಚಳಿಗಾಲ ಗಳಿಸಿದ ಹೆಸರು ಅಲ್ಲೇ, ಒಲೆಯ ಪಕ್ಕದಲ್ಲಿ, ಚಹಾ ಕುಡಿಯುತ್ತ ಕೂತ ಹಾಗಿತ್ತು. ವಾರಿಜಕ್ಕನ ಕಣ್ಣು ಅಡುಗೆಮನೆಯ ಕಡೆ ಹೋಯಿತು. ತೊಳೆದ ನೆಲ ಇನ್ನೂ ಆರಿರಲಿಲ್ಲ.

"ಹತ್ತಬೇಡಿ," ಎಂದರು.

"ಎಂತ?"

"ಬಸ್ಸು ಹತ್ತಬೇಡಿ ಸತ್ಯಭಾಮಮ್ಮ. ಸಾಮಾನು ಇಳಿಸಿ. ನನ್ನ ಲೆಕ್ಕ ತಪ್ಪಿದೆ. ಹಿಮ ಬೀಳ್ತದೆ, ಇವತ್ತೇ ಬೀಳ್ತದೆ."

ಮೇಜಿನಲ್ಲಿದ್ದವರೆಲ್ಲ ಗಲ್ಲಾದ ಕಡೆ ತಿರುಗಿದರು.

"ಅಯ್ಯೋ ದೇವರೇ! ಮುಹೂರ್ತ ನಾಳೆಯಲ್ವಾ? ಇಷ್ಟು ದೂರ ಬಂದು..."

"ಮುಹೂರ್ತ ತಪ್ಪುವುದಿಲ್ಲ. ನೀವು ಅಲ್ಲೇ ಇರಿ. ಮದುಮಗನನ್ನು ಕರಕೊಂಡು ನಾವೇ ಇಳಿದು ಬರ್ತೇವೆ. ಈಗಲೇ ಹೊರಟೆವು ಅಂತ ತಿಳ್ಕೊಳ್ಳಿ."

ಫೋನು ಇಟ್ಟಿದ್ದೇ ತಡ, ಸುಬೇದಾರರು ಮೇಜು ಗುದ್ದಿ ಎದ್ದುನಿಂತರು. "ಬಂದ್ರಲ್ಲ ದಾರಿಗೆ! ಎಲ್ಲರೂ ಕೇಳಿದ್ರಿ ತಾನೇ? ಅಕ್ಕನ ಬಾಯಲ್ಲೇ ಬಂತು!"

"ಅಕ್ಕಾರ, ಇಲಿ ಓಡಿ ಹೋತೇನ್ರಿ?" ಎಂದರು ಮಲಕಾಜಪ್ಪ.

"ಓಡಿ ಹೋಯ್ತು ಮಲಕಾಜಪ್ಪನವರೇ. ನೀವೂ ಅದರ ಹಿಂದೆ ಓಡಿ. ಅಂಗಡಿಯಿಂದ ಹತ್ತು ಕಂಬಳಿ ತನ್ನಿ. ಚಂಗಪ್ಪನವರೇ, ಗೆದ್ದದ್ದನ್ನು ದಾರಿಯಲ್ಲಿ ಕೂತು ಹೇಳಿಕೊಳ್ಳಿ, ಈಗ ಜೀಪು ಗೊತ್ತು ಮಾಡಿ. ಮಧ್ಯಾಹ್ನದ ಒಳಗೆ ಘಾಟಿ ದಾಟಬೇಕು."

ವಾರಿಜಕ್ಕನ ಮುಖ ಸುಡುತ್ತಿತ್ತು. ಆದರೆ ಕೈಗೆ ಕೆಲಸ ಸಿಕ್ಕಿದ್ದರಿಂದ ಅದರ ಕಡೆ ನೋಡಲು ಪುರಸೊತ್ತಿರಲಿಲ್ಲ. ತಾಳಿಯ ಕರಡಿಗೆ, ಧಾರೆ ಸೀರೆ, ಇಡ್ಲಿ ಬೇಯಿಸುವ ಅಟ್ಟ, ಎಲ್ಲ ಜೀಪಿಗೆ ಹೋದವು. ಉಳಿದ ಹಿಟ್ಟನ್ನು ಎರಡು ಡ್ರಮ್ಮಿಗೆ ಸುರಿದು ಹಗ್ಗ ಬಿಗಿದರು. ಅರ್ಧ ಗಡ್ಡ ತೆಗೆದಿದ್ದ ಪದ್ದುವನ್ನು ಹಾಗೇ ಹತ್ತಿಸಿದರು.

ಘಾಟಿ ಏರುವಾಗ ಒಂದು ಕಣ ಹಿಮವೂ ಬೀಳಲಿಲ್ಲ. ನೆತ್ತಿಯಲ್ಲೂ ಇಲ್ಲ. ಆಕಾಶ ಹೆಪ್ಪು ಹಾಕಿದ ಹಾಲಿನ ಹಾಗೆ ಅಲುಗದೆ ಇತ್ತು. ಕಂಬಳಿಗಳ ನಡುವೆ ಸಿಕ್ಕಿಕೊಂಡ ಮಲಕಾಜಪ್ಪ ಬೆವರು ಒರೆಸಿಕೊಂಡರು.

"ಹಿಮಾಲಯದಾಗ ಬೆವರಿದಾಂವ ನಾ ಒಬ್ಬನ ಇರಬೇಕ್ರಿ. ಅಕ್ಕಾರ, ಮೊದಲಿನ ಲೆಕ್ಕ ತಪ್ಪಿತ್ತೋ, ಈಗಿಂದು ತಪ್ಪೇತೋ?"

"ಎರಡೂ ತಪ್ಪಿದ್ದರೂ ಇರಬಹುದು," ಎಂದರು ವಾರಿಜಕ್ಕ. "ಘಾಟಿ ಇಳಿದ ಮೇಲೆ ನಗಿ, ಈಗ ಡ್ರಮ್ಮು ಹಿಡ್ಕೊಳ್ಳಿ."

ಕೆಳಗೆ ಇಳಿಯುವಾಗ ಎದುರಾದ ಎಂಟರ ಬಸ್ಸಿಗೆ ವಾರಿಜಕ್ಕ ಹಿಮದ ಎಚ್ಚರಿಕೆ ಕೊಟ್ಟರೂ ಡ್ರೈವರು ನಕ್ಕು ಮುಂದಕ್ಕೆ ಹೋದ. ಬುಡದ ಪೇಟೆಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಧರ್ಮಶಾಲೆಯ ಅಂಗಳದಲ್ಲಿ ನೆಂಟರೆಲ್ಲ ಟ್ರಂಕುಗಳ ಮೇಲೆ ಕೂತಿದ್ದರು. ಮುಖ ಊದಿಕೊಂಡಿತ್ತು. ವಸುಮತಿಯ ಸೋದರಮಾವ ಶ್ರೀಪತಿರಾಯರು ಜೀಪು ನಿಲ್ಲುವುದನ್ನೇ ಕಾಯುತ್ತಿದ್ದರು.

"ಎಲ್ಲಿ ಹಿಮ? ಒಂದು ಚೂರು ಕೈಯಲ್ಲಿ ಹಿಡ್ಕೊಂಡು ಬಂದಿದ್ದೀರಾ ತೋರಿಸ್ಲಿಕ್ಕೆ? ಮೂರು ರೈಲು ಬದಲಾಯಿಸಿ ಬಂದು ಸ್ಟೇಷನ್ನಿನ ಎದುರು ಮದುವೆ ಮಾಡ್ಬೇಕಾ ಮಾರಾಯ್ರೆ!"

"ತಪ್ಪು ನನ್ನದೇ ರಾಯರೇ. ಬರಬಹುದು ಅಂದವಳೂ ನಾನೇ, ಬೇಡ ಅಂದವಳೂ ನಾನೇ," ಎಂದರು ವಾರಿಜಕ್ಕ.

"ಹಾಗಾದ್ರೆ ಯಾವುದನ್ನು ನಂಬುವುದು?"

ವಾರಿಜಕ್ಕ ಹಿಟ್ಟಿನ ಡ್ರಮ್ಮು ಇಳಿಸಿದರು. ಸೆರಗು ಸಿಕ್ಕಿಸಿ ಒಲೆ ಹೊತ್ತಿಸಿದರು. ಹಸಿದ ನೆಂಟರಿಗೆ ಆ ಮಧ್ಯಾಹ್ನ ಸಿಕ್ಕ ಇಡ್ಲಿ ನಿಜವಾಗಿ ಹೂವಿನ ಹಾಗೇ ಇತ್ತು. ರಾಯರು ಎಂಟನೆಯದಕ್ಕೆ ಕೈಚಾಚುವಾಗ ದನಿ ಸ್ವಲ್ಪ ತಗ್ಗಿತ್ತು. ಆದರೂ ಮೇಲೆ ಕೈ ತೋರಿಸಿ, "ಮೋಡ ಅಂದ್ರೆ ಹಿಮವಾ? ಮೋಡ ನಮ್ಮೂರಲ್ಲೂ ಉಂಟು," ಎನ್ನುವುದನ್ನು ಬಿಡಲಿಲ್ಲ. ಬೆಟ್ಟದ ನೆತ್ತಿ ಬೂದು ಮೋಡದ ಒಳಗೆ ಹೊಕ್ಕು ಕಾಣದಂತಾಗಿತ್ತು. ಅಲ್ಲಿ ಏನಾಗುತ್ತಿದೆಯೋ ಯಾರಿಗೂ ತಿಳಿಯಲಿಲ್ಲ. ಸುಬೇದಾರರು ಬಿಸಿಲಿಗೆ ಕಾಲು ಚಾಚಿ ಕೂತು ಬೆರಳನ್ನು ಚಿವುಟಿ ಚಿವುಟಿ ನೋಡಿಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಧರ್ಮಶಾಲೆಯ ಅಂಗಳದಲ್ಲಿ, ಒಳ್ಳೆಯ ಮುಹೂರ್ತದಲ್ಲಿ, ಪದ್ದು ವಸುಮತಿಗೆ ತಾಳಿ ಕಟ್ಟಿದ. ರೈಲಿಗೆ ಕಾಯುತ್ತಿದ್ದ ಗುರುತಿಲ್ಲದ ಜನ ಕೂಡ ಬಂದು ಅಕ್ಷತೆ ಹಾಕಿದರು. ಎಲೆ ಹಾಸಿ, ಮೊದಲ ಪಂಕ್ತಿಗೆ ಅನ್ನ ಬಡಿಸುವ ಹೊತ್ತಿಗೆ ಗೇಟಿನ ಹತ್ತಿರ ಗಲಾಟೆಯಾಯಿತು. ಮೈಗೆ ಗೋಣಿ ಸುತ್ತಿಕೊಂಡ ಒಬ್ಬ ಮನುಷ್ಯ, ಮೊಣಕಾಲಿನವರೆಗೆ ಒದ್ದೆ, ಒಂದು ಲೋಟ ಬಿಸಿ ಚಹಾ ಕೇಳುತ್ತಿದ್ದ. ನಿನ್ನೆಯ ಎಂಟರ ಬಸ್ಸಿನ ಕಂಡಕ್ಟರು.

ಅವನ ಹಿಂದಿಯನ್ನು ಪದ್ದು ಎಲ್ಲರಿಗೂ ಕನ್ನಡದಲ್ಲಿ ಹೇಳಿದ. ಬಸ್ಸು ಘಾಟಿಯ ನೆತ್ತಿ ಮುಟ್ಟುವಾಗ ಹಿಮ ಶುರುವಾಯಿತಂತೆ. ಮೂಟೆ ಬಿಚ್ಚಿ ಸುರಿದ ಹಾಗೆ. ಚಕ್ರ ಅಲ್ಲಾಡಲಿಲ್ಲ. ಇದ್ದವರು ಏಳೆಂಟು ಮಂದಿ, ಎಲ್ಲ ಗಟ್ಟಿಮುಟ್ಟಾದ ಬೆಟ್ಟದ ಗಂಡಸರು, ದಪ್ಪ ಕೋಟಿನವರು. ತಗಡಿನ ಶೆಡ್ಡಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ರಾತ್ರಿ ಕಳೆದು, ಬೆಳಕು ಹರಿಯುತ್ತಲೇ ಹಿಮ ಮುಗಿಯುವವರೆಗೆ ನಡೆದು ಇಳಿದು, ಅಲ್ಲಿಂದ ಲಾರಿ ಹಿಡಿದು ಬಂದರಂತೆ. ಯಾರಿಗೂ ಏನೂ ಆಗಿಲ್ಲ. ಅಷ್ಟು ಹೇಳಿ ಕಂಡಕ್ಟರು ಅಂಗಳದಲ್ಲಿ ಕೂತ ಮುದುಕಿಯನ್ನೂ, ಬಾಣಂತಿಯ ಮಡಿಲಿನ ಕೂಸನ್ನೂ ನೋಡಿದ. "ನಿನ್ನೆ ಬಸ್ಸಿನಿಂದ ಸಾಮಾನು ಇಳಿಸಿಕೊಂಡವರು ಇವರೇ ಅಲ್ಲವಾ?" ಎಂದು ಕೇಳಿ, ಎರಡೂ ಕಿವಿ ಹಿಡಿದುಕೊಂಡ.

ಸತ್ಯಭಾಮಮ್ಮ ಮೊಮ್ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡರು. ಶ್ರೀಪತಿರಾಯರು ಎಲೆಯ ಮೇಲಿನ ಉಪ್ಪನ್ನು ನೋಡುತ್ತ ಕೂತರು. ಅಷ್ಟರಲ್ಲಿ ಸುಬೇದಾರರ ದನಿ ಎದ್ದಿತು.

"ನಾನು ಹೇಳಿರಲಿಲ್ವಾ! ಸಂಕ್ರಾಂತಿಗೆ ಮೊದಲೇ ಬೀಳ್ತದೆ ಅಂತ ದೀಪಾವಳಿಯಿಂದ ಹೇಳ್ತಿದ್ದೇನೆ. ಮಲಕಾಜಪ್ಪ ಸಾಕ್ಷಿ. ಈ ಸಲ ಗೆದ್ದವನು ನಾನು!"

ಸತ್ಯಭಾಮಮ್ಮ ಅವರ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು.

"ಹೌದಾ? ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು ತಾಯಿ? ದಿನಾ ಹೇಳ್ತಿದ್ದೆ."

"ಯಾರಿಗೆ?"

"ಮೇಜಿನಲ್ಲಿ... ಎಲ್ಲರಿಗೂ."

"ನಮಗೆ ಹೇಳ್ಲಿಲ್ವಲ್ಲ. ಧರ್ಮಶಾಲೆ ಗೊತ್ತು ಮಾಡ್ಲಿಕ್ಕೆ ನೀವೇ ಎರಡು ಸಲ ಫೋನು ಮಾಡಿದ್ರಿ. ಆಗಲೂ ಹೇಳ್ಲಿಲ್ಲ."

ಗುಂಡಿನ ಸದ್ದಿಗೂ ಬೆದರದ ಸುಬೇದಾರರು ಆ ಮಾತಿಗೆ ಕಣ್ಣು ತಗ್ಗಿಸಿದರು. ಮೆಲ್ಲನೆ ಹೇಳಿದರು.

"ಇಲ್ಲ ತಾಯಿ. ಹೇಳ್ಲಿಲ್ಲ. ನನಗೆ ಹಿಮ ಬೀಳಬೇಕಿತ್ತು. ಅದರ ಕೆಳಗೆ ಯಾರಿದ್ದಾರೆ ಅಂತ ನೋಡ್ಲಿಲ್ಲ. ವಾರಿಜಕ್ಕ ಸೋತು ನಿಮಗೆ ಹೇಳಿದ್ರು. ನಾನು ಗೆದ್ದು ಬಾಯಿ ಮುಚ್ಕೊಂಡಿದ್ದೆ."

"ನನ್ನದೂ ಅಂಥ ದೊಡ್ಡ ಮಾತೇನಲ್ಲ ಬಿಡಿ," ಎಂದರು ವಾರಿಜಕ್ಕ. "ಬೆಳಕು ಹರಿಯುವ ಮೊದಲೇ ನನಗೆ ಗೊತ್ತಾಗಿತ್ತು. ಎಂಟು ಗಂಟೆ ಆಗುವ ತನಕ ನೆಲ ಒರೆಸುತ್ತ ಕೂತಿದ್ದೆ. ಇವರು ಫೋನು ಮಾಡದಿದ್ದರೆ ಏನಾಗ್ತಿತ್ತೋ."

ಅಷ್ಟರಲ್ಲಿ ಎಂಬತ್ತು ದಾಟಿದ ಆ ಅಜ್ಜಿ ಎಲೆ ತಟ್ಟಿದರು. "ಸೋತದ್ದು ಗೆದ್ದದ್ದು ಆಮೇಲೆ ಮಾತಾಡಿ ಮಕ್ಕಳೇ. ಪಾಯಸ ತಣ್ಣಗಾಗ್ತಾ ಉಂಟು."

ಸುಬೇದಾರರಿಗೆ ಅಷ್ಟೇ ಬೇಕಿತ್ತು. ಕೋಟು ಕಳಚಿ, ತೋಳು ಮಡಚಿ, ಪಾಯಸದ ಬಕೆಟ್ಟು ಎತ್ತಿಕೊಂಡು ಪಂಕ್ತಿಗೆ ಇಳಿದರು. ಬೇಡ ಎಂದವರಿಗೂ ಬಡಿಸಿದರು. ಶ್ರೀಪತಿರಾಯರು ಎರಡೂ ಕೈ ಎಲೆಗೆ ಅಡ್ಡ ಹಿಡಿದರೆ, "ಸುಬೇದಾರನ ಹುಕುಂ, ಕೈ ತೆಗೀರಿ!" ಎಂದು ಗದರಿದರು. ರಾಯರು ಕೈ ತೆಗೆದರು. ತೆಗೆದ ಕೈಯಿಂದಲೇ ವಾರಿಜಕ್ಕನ ಕಡೆ ಒಂದು ಸಣ್ಣ ನಮಸ್ಕಾರ ಮಾಡಿ, ಯಾರೂ ನೋಡಲಿಲ್ಲವೆಂದು ಸಮಾಧಾನಪಟ್ಟುಕೊಂಡು ಪಾಯಸ ಕುಡಿದರು.

ಊಟ ಮುಗಿದು ಎಲ್ಲರೂ ಕಾಲು ಚಾಚಿದ ಮೇಲೆ ಮದುಮಗಳು ವಸುಮತಿ ಬಂದು ವಾರಿಜಕ್ಕನ ಪಕ್ಕ ಕೂತಳು.

"ದೊಡ್ಡಮ್ಮ, ದಾರಿ ಯಾವಾಗ ತೆರೆಯಬಹುದು? ನಾವು ಮನೆಗೆ ಹೋಗುವುದು ಯಾವಾಗ?"

ಅಂಗಳದಲ್ಲಿ ಎಲ್ಲರೂ ಇತ್ತ ನೋಡಿದರು.

"ನನಗೆ ಗೊತ್ತಿಲ್ಲ ಮಗಳೇ," ಎಂದರು ವಾರಿಜಕ್ಕ. ಹಾಗೆ ಹೇಳಿದ್ದು ಅವರಿಗೇ ಹಗುರವೆನಿಸಿತು. "ನಾಳೆ ಬೆಳಿಗ್ಗೆ ನೋಡಿ ಹೇಳ್ತೇನೆ. ಮಧ್ಯಾಹ್ನಕ್ಕೆ ಬೇರೆ ಅನ್ನಿಸಿದರೆ, ನೀನು ಎಲ್ಲಿದ್ದರೂ ಅಲ್ಲಿಗೇ ಬಂದು ಅದನ್ನೂ ಹೇಳ್ತೇನೆ."

"ಅಂದ್ರ ಇನ್ನ ಮ್ಯಾಲ ದಿನಕ್ಕ ಎರಡು ಸಲ ತಪ್ಪತೀರಿ ಅನ್ರಿ!" ಎಂದರು ಮಲಕಾಜಪ್ಪ.

"ಹೌದು ಮಲಕಾಜಪ್ಪನವರೇ. ಎರಡು ಸಲವೂ ಮೊದಲು ನಿಮಗೇ ಹೇಳ್ತೇನೆ."

ನಗು ಎಷ್ಟು ಜೋರಾಗಿತ್ತೆಂದರೆ, ಕಷ್ಟಪಟ್ಟು ಮಲಗಿಸಿದ್ದ ಕೂಸು ಎದ್ದು, ಎಲ್ಲರನ್ನೂ ಒಮ್ಮೆ ನೋಡಿ, ತಾನೂ ನಕ್ಕಿತು.

ನೀತಿ: ನಮ್ಮ ಊಹೆ ಸರಿಯಾದರೆ ನಮಗೊಬ್ಬರಿಗೆ ಸಂತೋಷ. ಅದು ತಪ್ಪಿದೆ ಎಂದು ತಿಳಿದಾಗ, ಅದನ್ನು ನಂಬಿ ಹೊರಟವರಿಗೆ ನಾಚಿಕೆ ಬಿಟ್ಟು, ತಡಮಾಡದೆ ಹೇಳಿದರೆ ಅವರ ಜೀವಕ್ಕೆ ಕ್ಷೇಮ. ನಿಜ ಗೊತ್ತಿದ್ದೂ ಅದು ಬೇಕಾದವರಿಗೆ ಹೇಳದೆ ಗೆದ್ದವನಿಗಿಂತ, ತಪ್ಪನ್ನು ಒಪ್ಪಿಕೊಂಡು ಸಮಯಕ್ಕೆ ಎಚ್ಚರಿಸಿದವರೇ ದೊಡ್ಡವರು.